ಈ ಸಲದ ಗೌರಿ-ಗಣೇಶ ಮನೆಯೊಳಗೇ, ಐದೇ ಜನ: ಮಣ್ಣು ಕಲಸುವುದರಿಂದ ವಿಸರ್ಜನೆವರೆಗೆ ಹೇಗೆ?

ಸಂಪಿಗೆಮರ | 9 ಆಗಸ್ಟ್ 2020

ಈ ವರ್ಷ ಗೌರಿ ಹಬ್ಬ 21ರ ಶುಕ್ರವಾರ, ಚೌತಿ 22ರ ಶನಿವಾರ. ಮನೆಯಲ್ಲಿ ಐದು ಜನ. ಒಬ್ಬರಿಗೆ 74 ವರ್ಷ, ಸಕ್ಕರೆ ಕಾಯಿಲೆಗೆ ಮಾತ್ರೆ ನಡೆದಿದೆ. ಒಂದು ಮಗುವಿಗೆ ಆರು. ಬೆಂಗಳೂರಿನ ಅಪಾರ್ಟ್‌ಮೆಂಟ್, ಮೂರನೇ ಮಹಡಿ. ಕೋವಿಡ್ ಕಾರಣಕ್ಕೆ ಪೇಟೆಯ ನೂಕುನುಗ್ಗಲಿಗೆ ಹೋಗುವುದಿಲ್ಲ, ಯಾರನ್ನೂ ಕರೆಯುವುದಿಲ್ಲ ಅಂತ ತೀರ್ಮಾನವಾಗಿದೆ. ಹಬ್ಬ ಬಿಡುವ ಮಾತು ಮಾತ್ರ ಇಲ್ಲ.

ಮೂರ್ತಿ ಮನೆಯಲ್ಲೇ ಮಾಡುವುದಾದರೆ ಎಷ್ಟು ಮಣ್ಣು ಬೇಕು, ಎಷ್ಟು ದಿನ ಮೊದಲು ಶುರು ಮಾಡಬೇಕು? ಪುರೋಹಿತರು ವಿಡಿಯೊ ಕರೆಯಲ್ಲಿ ಪೂಜೆ ಮಾಡಿಸುತ್ತೇವೆ ಎಂದಿದ್ದಾರೆ, ಅದನ್ನು ಅಚ್ಚುಕಟ್ಟಾಗಿ ನಡೆಸುವುದು ಹೇಗೆ? ಇಪ್ಪತ್ತೊಂದು ಪತ್ರೆ ಸಿಗದಿದ್ದರೆ? ಮೊರದ ಬಾಗಿನ ಯಾರಿಗೆ ಕೊಡುವುದು? ದೀಪ ಉರಿಯುವ ಕಡೆ ಸ್ಯಾನಿಟೈಸರ್ ಇಟ್ಟುಕೊಳ್ಳಬಹುದೇ? ಬಕೆಟ್‌ನಲ್ಲಿ ಬಿಟ್ಟ ಮೂರ್ತಿ ಕರಗದೆ ಹಾಗೇ ಕೂತರೆ ಏನು ಮಾಡಬೇಕು? ತಿಳಿದವರು ದಯವಿಟ್ಟು ಅಳತೆ ಸಮೇತ ಹೇಳಿ.

ತಿಗರಿ | 9 ಆಗಸ್ಟ್, ರಾತ್ರಿ

ಮಣ್ಣಿನ ವಿಚಾರ ಹೇಳುತ್ತೇನೆ, ಪೂಜೆಯದ್ದು ಬಲ್ಲವರು ಹೇಳಲಿ.

ಆರು ಇಂಚಿನ ಕೂತ ಗಣಪನಿಗೆ ಕಲಸಿದ ಮಣ್ಣು ಒಂದರಿಂದ ಒಂದೂಕಾಲು ಕೆ.ಜಿ. ಸಾಕು. ಒಂಬತ್ತು ಇಂಚಿಗೆ ಹೋದರೆ ಮೂರೂವರೆ ಕೆ.ಜಿ. ಮುಟ್ಟುತ್ತದೆ. ಎತ್ತರ ಒಂದೂವರೆ ಪಟ್ಟಾದರೆ ಮಣ್ಣು ಮೂರು ಪಟ್ಟಿಗೂ ಮೀರಿ ಬೇಕಾಗುತ್ತದೆ, ಒಣಗುವ ದಿನವೂ ಏರುತ್ತದೆ. ಮೊದಲ ಸಲ ಮಾಡುವವರು ಆರು ಇಂಚಿಗೇ ನಿಲ್ಲಿಸಿ. 14ನೇ ತಾರೀಖಿನೊಳಗೆ ಮೂರ್ತಿ ಮಾಡಿ ಮುಗಿಸಿರಬೇಕು. ಮಳೆಗಾಲದ ತೇವದಲ್ಲಿ ಒಣಗಲು ಆರೇಳು ದಿನ ಬೇಕೇ ಬೇಕು.

ಜೇಡಿಮಣ್ಣಿನ ಪುಡಿ ತರಿಸಿದರೆ ಒಂದು ಕೆ.ಜಿ.ಗೆ ಸುಮಾರು 300 ಮಿಲಿ ನೀರಿನಿಂದ ಶುರು ಮಾಡಿ. ಒಮ್ಮೆಗೇ ಸುರಿಯಬೇಡಿ. ಚಪಾತಿ ಹಿಟ್ಟಿನಂತೆ ನಾದಿ, ಒದ್ದೆ ಬಟ್ಟೆ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಪೆನ್ಸಿಲ್ ದಪ್ಪಕ್ಕೆ ಹೊಸೆದು ಬೆರಳಿಗೆ ಸುತ್ತಿ ನೋಡಿ. ಬಿರುಕು ಬಿಟ್ಟರೆ ನೀರು ಕಡಿಮೆ, ಬೆರಳಿಗೆ ಮೆತ್ತಿಕೊಂಡರೆ ಹೆಚ್ಚು. ಬತ್ತಿ ಹೊಸೆಯುವ ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ ಒಂದು ಸಣ್ಣ ಹಿಡಿಯಷ್ಟು ಮಣ್ಣಿಗೆ ಹಾಕಿ ನಾದಿಕೊಳ್ಳಿ. ಒಣಗಿ ಕುಗ್ಗುವಾಗ ಆ ಎಳೆಗಳು ಮಣ್ಣನ್ನು ಹಿಡಿದುಕೊಳ್ಳುತ್ತವೆ.

ಮಣೆಯ ಮೇಲೆ ಹಳೆಯ ಪತ್ರಿಕೆ ಹಾಸಿ, ಅದರ ಮೇಲೆ ಮಾಡಿ. ಮರಕ್ಕೆ ನೇರವಾಗಿ ಅಂಟಿದ ಪೀಠ ಕುಗ್ಗಲು ಜಾಗವಿಲ್ಲದೆ ಅಡಿಯಿಂದ ಸೀಳುತ್ತದೆ. ಕಾಲು ಭಾಗ ಮಣ್ಣು ಪೀಠಕ್ಕೆ, ಮೂರನೇ ಒಂದು ಭಾಗ ಹೊಟ್ಟೆ ಎದೆಗೆ, ಐದನೇ ಒಂದು ಭಾಗ ತಲೆ ಸೊಂಡಿಲಿಗೆ, ಉಳಿದದ್ದು ಕೈ ಕಾಲು ಕಿವಿ ಕಿರೀಟಕ್ಕೆ. ಕಲಸುವಾಗಲೇ ಒಂದು ಮುಷ್ಟಿ ತೆಗೆದಿಟ್ಟುಕೊಂಡಿರಿ, ರಿಪೇರಿಗೆ ಅದೇ ಮಣ್ಣು ಬೇಕು.

ಹೆಚ್ಚಿನವರು ಎಡವುವುದು ಜೋಡಣೆಯಲ್ಲಿ. ತೋಳನ್ನು ಸುಮ್ಮನೆ ಒತ್ತಿ ಅಂಟಿಸಿದರೆ ಇವತ್ತು ನಿಲ್ಲುತ್ತದೆ, ನಾಲ್ಕನೇ ದಿನ ಬಿದ್ದುಹೋಗುತ್ತದೆ. ಸೇರುವ ಎರಡೂ ಕಡೆ ಫೋರ್ಕಿನ ತುದಿಯಿಂದ ಅಡ್ಡಡ್ಡ ಗೀರಿ, ಮೊಸರಿನ ಹದದ ಮಣ್ಣಿನ ರಾಡಿ ಸವರಿ, ಒತ್ತಿ ಅಲುಗಿಸಿ ಕೂರಿಸಿ. ಆಮೇಲೆ ಹೆಬ್ಬೆರಳಿನಿಂದ ಈ ಕಡೆಯ ಮಣ್ಣನ್ನು ಆ ಕಡೆಗೆ, ಆ ಕಡೆಯದ್ದನ್ನು ಈ ಕಡೆಗೆ ಎಳೆದು ಗೆರೆ ಕಾಣದಂತೆ ಮೆತ್ತಿ. ಸೊಂಡಿಲಿಗೆ ಒಳಗೆ ಕಡ್ಡಿ ಕೊಡಬೇಡಿ. ಮಣ್ಣು ಕುಗ್ಗುತ್ತದೆ, ಕಡ್ಡಿ ಕುಗ್ಗುವುದಿಲ್ಲ, ಹಾಗಾಗಿ ಅದರ ಸುತ್ತಲೇ ಒಡೆಯುತ್ತದೆ. ಸೊಂಡಿಲನ್ನು ಹೊಟ್ಟೆಯ ಮೇಲೆ ಒರಗಿಸಿ ಎಡಕ್ಕೆ ತಿರುಗಿಸಿಬಿಡಿ. ಮನೆಪೂಜೆಗೆ ಎಡಮುರಿಯೇ ರೂಢಿ, ಗಟ್ಟಿಯಾಗಿಯೂ ನಿಲ್ಲುತ್ತದೆ.

ಮಾರನೇ ದಿನ ಮೇಲ್ಮೈ ಬಿಗಿದ ಮೇಲೆ ಮೂರ್ತಿಯನ್ನು ಮೆಲ್ಲಗೆ ವಾಲಿಸಿ, ಪೀಠದ ಅಡಿಯಿಂದ ಚಮಚದಲ್ಲಿ ಒಳಗಿನ ಮಣ್ಣು ತೋಡಿ ತೆಗೆಯಿರಿ. ಸುತ್ತ ಮುಕ್ಕಾಲು ಇಂಚು ದಪ್ಪ ಉಳಿದರೆ ಸಾಕು. ಒಳಗೂ ಹೊರಗೂ ಒಂದೇ ಹದದಲ್ಲಿ ಒಣಗುತ್ತದೆ, ಕೊನೆಗೆ ಕರಗುವುದೂ ಬೇಗ.

ಬಿಸಿಲಿಗೆ ಇಡಲೇಬೇಡಿ. ಹೊರಪದರ ಒಣಗಿ ಕುಗ್ಗುವಾಗ ಒಳಗಿನ್ನೂ ಹಸಿಯಾಗಿ ಉಬ್ಬಿಕೊಂಡೇ ಇರುತ್ತದೆ, ಆ ಎಳೆದಾಟದಲ್ಲೇ ಸೀಳು ಬರುವುದು. ಮೊದಲ ದಿನ ತೆಳು ಬಟ್ಟೆ ಮುಚ್ಚಿ, ಆಮೇಲೆ ನೆರಳಿನಲ್ಲಿ ತೆರೆದಿಡಿ, ದಿನಕ್ಕೆರಡು ಸಲ ತಿರುಗಿಸಿ. ಒಣಗಿದೆಯೋ ಇಲ್ಲವೋ ತಿಳಿಯಲು ಮೂರ್ತಿಯ ಬೆನ್ನಿಗೆ ಕೆನ್ನೆ ತಾಗಿಸಿ. ತಣ್ಣಗಿದ್ದರೆ ಒಳಗೆ ನೀರು ಉಳಿದಿದೆ.

ಪೂರ್ತಿ ಒಣಗಿದ ಮೇಲಷ್ಟೇ ಬಣ್ಣ. ಅರಿಶಿನದ ಗಂಜಿ ಹಳದಿಗೆ. ಅದಕ್ಕೇ ಚಿಟಿಕೆ ತಿನ್ನುವ ಸುಣ್ಣ ಬೆರೆಸಿದರೆ ಆರತಿ ನೀರಿನ ಕೆಂಪು ಬರುತ್ತದೆ, ಪಂಚೆಗೆ ಚೆನ್ನಾಗಿ ಒಪ್ಪುತ್ತದೆ. ದಂತಕ್ಕೆ ಅಕ್ಕಿಹಿಟ್ಟಿನ ಗಂಜಿ, ಕಣ್ಣಿಗೆ ಕಾಡಿಗೆ. ಕುಂಚ ಅರೆ ಒದ್ದೆ ಇರಲಿ, ಒಂದೇ ಜಾಗದಲ್ಲಿ ಮೂರು ಸಲ ಎಳೆದರೆ ಮಣ್ಣು ಎದ್ದು ಬರುತ್ತದೆ. ಸುಣ್ಣ ಮಗುವಿನ ಕೈಗೆ ಕೊಡಬೇಡಿ, ಕಣ್ಣಿಗೆ ಬಿದ್ದರೆ ಸುಡುತ್ತದೆ.

ಇದಕ್ಕೆಲ್ಲ ವೇಳೆ ಇಲ್ಲದವರು ನಾಲ್ಕು ದೊಡ್ಡ ಚಮಚ ಅರಿಶಿನಕ್ಕೆ ಒಂದು ಚಮಚ ಗೋಧಿಹಿಟ್ಟು ಸೇರಿಸಿ ಗಟ್ಟಿಯಾಗಿ ಕಲಸಿ, ಗೋಪುರದಂತೆ ಮಾಡಿ ನೆತ್ತಿಗೆ ಗರಿಕೆ ಸಿಕ್ಕಿಸಲಿ. ಬರೀ ಅರಿಶಿನ ಒಣಗುತ್ತಲೇ ಉದುರುತ್ತದೆ, ಹಿಟ್ಟು ಇರುವುದು ಅದಕ್ಕಾಗಿ.

ಪಂಚಪಾತ್ರೆ | 10 ಆಗಸ್ಟ್

ವಿಡಿಯೊ ಪೂಜೆಯಲ್ಲಿ ಅರ್ಧ ಗೊಂದಲ ಹುಟ್ಟುವುದು ಮೊದಲೇ ಕೇಳಿಕೊಳ್ಳದ್ದರಿಂದ. ಚೌತಿಯ ಪೂಜೆ ಮಧ್ಯಾಹ್ನ ಕಾಲದ್ದು, ಎಲ್ಲರಿಗೂ ಪುರೋಹಿತರು ಬೇಕಾಗಿರುವುದು ಅದೇ ಹೊತ್ತಿಗೆ. ಇವತ್ತೇ ಸಮಯ ಗೊತ್ತು ಮಾಡಿಕೊಳ್ಳಿ. ಹಿಂದಿನ ದಿನವೇ ಎಲ್ಲರ ಹೆಸರು, ಗೋತ್ರ, ನಕ್ಷತ್ರ, ರಾಶಿ ಬರೆದು ಕಳಿಸಿ. ಸಂಕಲ್ಪದ ಹೊತ್ತಿಗೆ ಕೂಗಿ ಕೂಗಿ ಹೇಳುವುದು ತಪ್ಪುತ್ತದೆ.

ಫೋನನ್ನು ಎದೆಯೆತ್ತರಕ್ಕೆ, ಮೂರ್ತಿಯ ಪಕ್ಕಕ್ಕೆ ಇಡಿ. ಮೂರ್ತಿಯೂ ಪೂಜೆ ಮಾಡುವವರ ಕೈಯೂ ಎರಡೂ ಕಾಣಬೇಕು. ಮುಖ ಕಾಣದಿದ್ದರೆ ನಷ್ಟವಿಲ್ಲ. ಧ್ವನಿ ಒಂದೆರಡು ಸೆಕೆಂಡು ತಡವಾಗಿ ಹೋಗುತ್ತದೆ, ಆದ್ದರಿಂದ ಪುರೋಹಿತರ ಜೊತೆಗೇ ಹೇಳಲು ಹೋಗಬೇಡಿ. ಅವರು ಒಂದು ವಾಕ್ಯ ಹೇಳಿ ನಿಲ್ಲಿಸಿದ ಮೇಲೆ ನೀವು ಹೇಳಿ. ಗಂಟೆ ಬಾರಿಸುವಾಗ ಮೈಕ್ ಮುಚ್ಚಿ. ಪೂಜೆಗೆ ಕೂತವರ ಕೈ ಅರಿಶಿನ ಕುಂಕುಮದಲ್ಲಿ ಒದ್ದೆಯಾಗಿರುತ್ತದೆ, ಫೋನ್ ನೋಡಿಕೊಳ್ಳಲು ಬೇರೆಯವರಿರಲಿ.

ನಡುವೆ ನೆಟ್‌ವರ್ಕ್ ಹೋದರೆ ಪೂಜೆ ನಿಲ್ಲಬಾರದು. ಒಂದು ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಕ್ರಮ ಬರೆದಿಟ್ಟುಕೊಳ್ಳಿ: ಶಾರ್ವರಿ ನಾಮ ಸಂವತ್ಸರ, ದಕ್ಷಿಣಾಯನ, ವರ್ಷ ಋತು, ಭಾದ್ರಪದ ಮಾಸ, ಶುಕ್ಲ ಪಕ್ಷ, ಚತುರ್ಥಿ, ಸ್ಥಿರವಾಸರ ಎಂದು ಸಂಕಲ್ಪ. ಆಮೇಲೆ ಧ್ಯಾನ, ಆವಾಹನೆ, ಆಸನ, ಪಾದ್ಯ, ಅರ್ಘ್ಯ, ಆಚಮನ, ಸ್ನಾನ, ವಸ್ತ್ರ, ಯಜ್ಞೋಪವೀತ, ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯ, ಮಂಗಳಾರತಿ, ಪ್ರದಕ್ಷಿಣ ನಮಸ್ಕಾರ. ಮಂತ್ರ ಬಾರದಿದ್ದರೆ ಪ್ರತಿಯೊಂದಕ್ಕೂ ‘ಶ್ರೀ ಗಣೇಶಾಯ ನಮಃ, ಪಾದ್ಯಂ ಸಮರ್ಪಯಾಮಿ’ ಎಂಬಂತೆ ಹೇಳಿ ಮುಂದುವರಿಯಬಹುದು.

ಸುಡದ ಮಣ್ಣಿನ ಮೂರ್ತಿಗೆ ಪಂಚಾಮೃತ ಸುರಿಯಬಾರದು, ಮುಖವೇ ಇಳಿದುಹೋಗುತ್ತದೆ. ಮುಂದೆ ತಟ್ಟೆಯಲ್ಲಿ ಒಂದು ಬೆಟ್ಟಡಿಕೆಯನ್ನೋ ಸಣ್ಣ ಬೆಳ್ಳಿ ಗಣಪನನ್ನೋ ಇಟ್ಟು ಅಭಿಷೇಕ ಅದಕ್ಕೆ ಮಾಡಿ. ಮಣ್ಣಿನ ಮೂರ್ತಿಗೆ ಹೂವಿನಲ್ಲಿ ಅದ್ದಿ ಪ್ರೋಕ್ಷಣೆ ಮಾತ್ರ. ಪ್ರಾಣಪ್ರತಿಷ್ಠೆ ಆದ ಮೇಲೆ ವಿಸರ್ಜನೆಗೆ ಮುಂಚಿನ ಉತ್ತರಪೂಜೆವರೆಗೆ ಕದಲಿಸುವಂತಿಲ್ಲ, ಹಾಗಾಗಿ ಮಗುವಿನ ಕೈಗೆ ಎಟುಕದ, ಗಾಳಿ ನೇರ ಬೀಸದ ಜಾಗ ಮೊದಲೇ ನೋಡಿ ಅಕ್ಕಿ ಹರಡಿದ ತಟ್ಟೆಯ ಮೇಲೆ ಕೂರಿಸಿ.

ಪತ್ರೆಗೆ ಊರೆಲ್ಲ ಅಲೆಯಬೇಡಿ. ಗರಿಕೆ, ಬಿಲ್ವ, ಉತ್ತರಣೆ, ಮಾವು, ದಾಳಿಂಬೆ, ತುಳಸಿ, ಮರುಗ, ಜಾಜಿ ಇವುಗಳಲ್ಲಿ ಸಿಕ್ಕಷ್ಟು ಸಾಕು. ಸಿಗದ ಪತ್ರೆಯ ಹೆಸರು ಹೇಳಿ ಅಕ್ಷತೆಯನ್ನೋ ಗರಿಕೆಯನ್ನೋ ಅರ್ಪಿಸುವುದು ಹಳೆಯ ಕ್ರಮವೇ. ತುಳಸಿ ಗಣಪನಿಗೆ ಬೇಡವೆಂಬ ಮಾತು ವರ್ಷದ ಉಳಿದ ದಿನಕ್ಕೆ, ಚೌತಿಯ ಇಪ್ಪತ್ತೊಂದರಲ್ಲಿ ಅದೂ ಇದೆ. ಇನ್ನೊಂದು ಮಾತು ಗಮನವಿಟ್ಟು ಓದಿ: ಪಟ್ಟಿಯಲ್ಲಿರುವ ದತ್ತೂರ, ಎಕ್ಕ, ಕಣಗಿಲೆ ವಿಷದ ಗಿಡಗಳು. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಆಸ್ಪತ್ರೆಗೆ ಓಡಬೇಕಾಗುತ್ತದೆ. ಆರು ವರ್ಷದ ಮಗು ಇರುವ ಮನೆಯಲ್ಲಿ ಈ ಮೂರಕ್ಕೂ ಗರಿಕೆಯೇ ಇರಲಿ.

ಗೌರಿಯದ್ದು. ಹದಿನಾರು ಎಳೆ, ಹದಿನಾರು ಗಂಟಿನ ದಾರ ಮನೆಯಲ್ಲೇ ಬಿಳಿ ನೂಲಿಗೆ ಅರಿಶಿನ ಹಚ್ಚಿ ಮಾಡಿಕೊಳ್ಳಿ, ಹತ್ತು ನಿಮಿಷದ ಕೆಲಸ. ಬಾಗಿನ ಈ ಸಲ ಎರಡೇ ಸಾಕು, ಒಂದು ಗೌರಿಗೆ, ಒಂದು ಮನೆಯ ಮುತ್ತೈದೆಗೆ. ಅತ್ತೆ ಸೊಸೆ ಇಬ್ಬರಿದ್ದರೆ ಒಬ್ಬರಿಗೊಬ್ಬರು ಕೊಟ್ಟುಕೊಳ್ಳಲಿ. ತಾಯಿಗೋ ನಾದಿನಿಗೋ ಕೊಡಬೇಕಾದ ಬಾಗಿನಕ್ಕೆ ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ, ಅಕ್ಕಿ, ಬೇಳೆ ಹೀಗೆ ಕೆಡದ ಸಾಮಾನು ಮಾತ್ರ ಹಾಕಿ ಪೂಜೆಯಲ್ಲಿಟ್ಟು, ಮೊರ ಮುಚ್ಚಿ ಎತ್ತಿಡಿ, ಓಡಾಟ ಸಲೀಸಾದ ಮೇಲೆ ತಲುಪಿಸಿ. ಬೆಲ್ಲದಚ್ಚು, ತೆಂಗಿನಕಾಯಿ, ವೀಳ್ಯ ಅದರೊಳಗೆ ಇಟ್ಟರೆ ವಾರದಲ್ಲಿ ಇರುವೆ ಬರುತ್ತದೆ, ಕಾಯಿ ಬೂಸ್ಟು ಹಿಡಿಯುತ್ತದೆ.

ಹಣತೆ | 10 ಆಗಸ್ಟ್, ಸಂಜೆ

ಸ್ಯಾನಿಟೈಸರ್ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ಅದರಲ್ಲಿ ನೂರಕ್ಕೆ ಅರವತ್ತು ಭಾಗಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುತ್ತದೆ, ಅಂದರೆ ಅದು ಉರಿಯುವ ದ್ರವ. ಒದ್ದೆ ಕೈಯಲ್ಲಿ ಕಡ್ಡಿ ಗೀರಿದರೆ ಕೈಯೇ ಹೊತ್ತಿಕೊಳ್ಳುತ್ತದೆ. ಆ ಜ್ವಾಲೆ ತಿಳಿ ನೀಲಿ, ಹಗಲು ಬೆಳಕಿನಲ್ಲಿ ಕಣ್ಣಿಗೇ ಬೀಳುವುದಿಲ್ಲ. ಉರಿ ತಾಗಿ ಕೈ ಕೊಡವಿದರೆ ಸೆರಗಿಗೋ ಹತ್ತಿಯ ಹಾರಕ್ಕೋ ಹತ್ತಬಹುದು. ಬಾಟಲಿ ಬಾಗಿಲ ಬಳಿ ಇರಲಿ, ದೇವರ ಕೋಣೆಗೂ ಅಡುಗೆಮನೆಗೂ ಬರುವುದು ಬೇಡ. ಒಳಗಿದ್ದವರಿಗೆ ಸೋಪು ನೀರೇ ಸಾಕು, ಇಪ್ಪತ್ತು ಸೆಕೆಂಡಿಗೆ ಕಡಿಮೆಯಿಲ್ಲದೆ ಉಜ್ಜಿ, ಒರೆಸಿಕೊಂಡು ದೀಪ ಮುಟ್ಟಿ. ಹೂವಿಗೆ, ಹಣ್ಣಿಗೆ, ಪ್ರಸಾದಕ್ಕೆ ಸ್ಯಾನಿಟೈಸರ್ ಸಿಂಪಡಿಸುವುದು ಕೆಲವು ಕಡೆ ಶುರುವಾಗಿದೆ, ದಯವಿಟ್ಟು ಮಾಡಬೇಡಿ. ಹಣ್ಣನ್ನು ಹರಿಯುವ ನೀರಿನಲ್ಲಿ ತೊಳೆಯಿರಿ. ಸೋಪು ಹಾಕಿದರೆ ಅದರ ಅಂಶ ಹೊಟ್ಟೆಗೆ ಹೋಗುತ್ತದೆ.

ಹೂವಿನ ಮೇಲಿನ ಭಯಕ್ಕಿಂತ ಉಸಿರಿನ ಎಚ್ಚರ ಮುಖ್ಯ. ಹೊರಗಿನಿಂದ ಸಾಮಾನು ತಂದುಕೊಡುವವರ ಜೊತೆ ಬಾಗಿಲಲ್ಲಿ ನಿಂತು ಮಾತಾಡುವಾಗ ಇಬ್ಬರ ಮುಖದ ಮೇಲೂ ಮಾಸ್ಕ್ ಇರಬೇಕು. ದಿನವೂ ಜೊತೆಗೇ ಇರುವ ಐವರು ತಮ್ಮೊಳಗೆ ಮಾಸ್ಕ್ ಹಾಕಿ ಪೂಜೆಗೆ ಕೂರಬೇಕಾಗಿಲ್ಲ. ಆದರೆ ಹೊರಗೆ ಕೆಲಸಕ್ಕೆ ಹೋಗಿ ಬರುವವರಿದ್ದರೆ ಅವರು ಹಾಕಿಕೊಳ್ಳಲಿ, 74ರವರಿಂದ ಆರಡಿ ದೂರ ಕೂರಲಿ. ಆರತಿ ಹಿಡಿಯುವವರ ಮಾಸ್ಕ್ ಹತ್ತಿಯದಾಗಿರಲಿ. ಸಿಂಥೆಟಿಕ್ ಬಟ್ಟೆ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಕಿಟಕಿ ಎರಡು ಕಡೆ ತೆರೆದಿರಬೇಕು. ದೀಪ ಆರುತ್ತದೆ ಅಂತ ಮುಚ್ಚಬೇಡಿ, ಗಾಜಿನ ಚಿಮಣಿ ಇರುವ ದೀಪ ಇಡಿ. ದೊಡ್ಡವರನ್ನು ಕಿಟಕಿಯ ಪಕ್ಕ ಕೂರಿಸಿ, ಧೂಪ ಅವರಿಂದ ದೂರ ಇರಲಿ. ತೀರ್ಥವನ್ನು ಒಬ್ಬರೇ ಉದ್ಧರಣೆಯಲ್ಲಿ, ಕೈಗೆ ತಾಗಿಸದೆ ಮೇಲಿನಿಂದ ಹಾಕಲಿ. ಆರತಿ ತಟ್ಟೆ ಎಲ್ಲರ ಮುಂದೆ ಸುತ್ತುವ ಬದಲು ಒಂದು ಕಡೆ ಇಟ್ಟು ಒಬ್ಬೊಬ್ಬರಾಗಿ ಬರಲಿ. ಶಂಖ ಊದುವುದು ಒಬ್ಬರೇ, ಮಕ್ಕಳಿಗೆ ದಾಟಿಸುವುದು ಬೇಡ.

ಕೋವಿಡ್ ಬಂದು ಹುಷಾರಾದವರಲ್ಲಿ ಕೆಲವರಿಗೆ ವಾಸನೆ ತಿಳಿಯುವುದು ಮರಳಲು ವಾರಗಟ್ಟಲೆ ಹಿಡಿಯುತ್ತದೆ. ಅಂಥವರಿಗೆ ಗ್ಯಾಸ್ ಸೋರಿದ್ದೂ ತಿಳಿಯುವುದಿಲ್ಲ, ಬಟ್ಟೆ ಸೀದದ್ದೂ ತಿಳಿಯುವುದಿಲ್ಲ. ಒಲೆ, ದೀಪ ನೋಡಿಕೊಳ್ಳುವ ಕೆಲಸ ಅವರೊಬ್ಬರಿಗೇ ಬಿಡಬೇಡಿ.

ಒರಳು | 11 ಆಗಸ್ಟ್

ಅಡುಗೆ ಯಾರೂ ಕೇಳಿಲ್ಲ, ಆದರೆ ಹೆಚ್ಚು ಮಾಡಿ ಹಂಚುವ ಅಭ್ಯಾಸ ಇರುವ ಮನೆಯಲ್ಲಿ ಈ ಸಲ ಅಳತೆ ತಪ್ಪುವುದು ಅಲ್ಲೇ.

21 ಕಡುಬಿಗೆ ಎರಡು ಲೋಟ ಅಕ್ಕಿಹಿಟ್ಟು, ಎರಡೂಕಾಲು ಲೋಟ ನೀರು, ಚಿಟಿಕೆ ಉಪ್ಪು, ಒಂದು ಚಮಚ ತುಪ್ಪ. ನೀರು ಮರಳಿದ ಮೇಲೆ ಉರಿ ಸಣ್ಣ ಮಾಡಿ ಹಿಟ್ಟು ಸುರಿದು, ತಿರುವಿ, ಮುಚ್ಚಿ ಐದು ನಿಮಿಷ ಬಿಡಿ. ಕೈ ತಡೆಯುವಷ್ಟು ಬಿಸಿ ಇರುವಾಗಲೇ ನಾದಬೇಕು. ಆರಿದ ಹಿಟ್ಟು ನಾದಿದರೆ ಅಂಚಿನಲ್ಲಿ ಬಿರಿಯುತ್ತದೆ. ಹೂರಣಕ್ಕೆ ಒಂದು ದೊಡ್ಡ ಕಾಯಿಯ ತುರಿ, ಅಂದರೆ ಸುಮಾರು ಎರಡು ಲೋಟ, ಒಂದು ಲೋಟ ಬೆಲ್ಲ, ಏಲಕ್ಕಿ, ಒಂದು ಚಮಚ ಹುರಿದ ಗಸಗಸೆ. ಬೆಲ್ಲ ಕರಗಿ ನೀರಾಗಿ, ಆ ನೀರು ಮತ್ತೆ ಹಿಂಗಿ, ಉಂಡೆ ಕಟ್ಟಿದರೆ ನಿಲ್ಲುವ ತನಕ ಮಗುಚಿ. ಅವಸರಕ್ಕೆ ನೀರಾಗಿರುವಾಗಲೇ ತುಂಬಿದರೆ ಹಬೆಯಲ್ಲಿ ಕೆಳಗಿನಿಂದ ಸೋರುತ್ತದೆ. ಹಬೆ ಹತ್ತರಿಂದ ಹನ್ನೆರಡು ನಿಮಿಷ, ಮೇಲ್ಮೈ ಹೊಳಪು ಬಂದರೆ ಇಳಿಸಿ.

ಹಸಿ ಕಾಯಿಯ ಕಡುಬು ಅವತ್ತೇ ಮುಗಿಯಬೇಕು. ದೂರದವರಿಗೆ ಕಳಿಸುವ ಆಸೆಯಿದ್ದರೆ ಪಂಚಕಜ್ಜಾಯ ಮಾಡಿ. ಒಂದು ಲೋಟ ಕಡಲೆಬೇಳೆ ಘಮ್ಮೆನ್ನುವ ತನಕ ಸಣ್ಣ ಉರಿಯಲ್ಲಿ ಹುರಿದು ಪುಡಿ ಮಾಡಿ, ಮುಕ್ಕಾಲು ಲೋಟ ಬೆಲ್ಲದ ಪುಡಿ, ಅರ್ಧ ಲೋಟ ಒಣಕೊಬ್ಬರಿ, ಎರಡು ಚಮಚ ಹುರಿದ ಎಳ್ಳು, ಎರಡು ಚಮಚ ತುಪ್ಪ. ನೀರಿನ ಪಸೆ ಇಲ್ಲದ್ದರಿಂದ ನಾಲ್ಕೈದು ದಿನ ಕೆಡುವುದಿಲ್ಲ. ಬೇಳೆ ಬಿಸಿಯಿದ್ದಾಗ ಬೆಲ್ಲ ಬೆರೆಸಿದರೆ ಮುದ್ದೆಗಟ್ಟುತ್ತದೆ.

ಸಂಪಿಗೆಮರದವರೇ, ನಿಮ್ಮ ಮನೆಯ ಹಿರಿಯರ ವಿಷಯ. ಸಕ್ಕರೆ ಮಾತ್ರೆ ನುಂಗಿ ಪೂಜೆ ಮುಗಿಯಲಿ ಅಂತ ಮಧ್ಯಾಹ್ನ ಒಂದು ಗಂಟೆವರೆಗೆ ಬರಿಹೊಟ್ಟೆಯಲ್ಲಿ ಕೂರಿಸಬೇಡಿ. ಸಕ್ಕರೆ ಅಂಶ ಕುಸಿದು ಬೆವರು, ಕೈನಡುಕ, ಕಣ್ಣು ಮಂಜಾಗುವುದು ಇದೇ ಹಬ್ಬದ ದಿನಗಳಲ್ಲಿ ಹೆಚ್ಚು. ಉಪವಾಸ ಇದ್ದೇ ತೀರುತ್ತೇನೆ ಎಂದರೆ ಮಾತ್ರೆಯ ಹೊತ್ತನ್ನು ಮೊದಲೇ ವೈದ್ಯರಿಗೆ ಫೋನ್ ಮಾಡಿ ಕೇಳಿ. ಲಕ್ಷಣ ಕಂಡರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ತಕ್ಷಣ ಕುಡಿಸಿ. ಅವರಿಗೆ ಖಾರದ ಕಡುಬು ಮಾಡಿ: ಎರಡು ಗಂಟೆ ನೆನೆದ ಉದ್ದಿನಬೇಳೆ, ಹಸಿಮೆಣಸು, ಶುಂಠಿ ನೀರು ಹಾಕದೆ ತರಿತರಿ ರುಬ್ಬಿ, ಹಬೆಯಲ್ಲಿ ಬೇಯಿಸಿ ಪುಡಿಮಾಡಿ ಅದನ್ನೇ ಹೂರಣವಾಗಿ ತುಂಬಿ. ಹೊರಗಿನದು ಅಕ್ಕಿಹಿಟ್ಟೇ, ಆದ್ದರಿಂದ ಮೂರು ತಿಂದರೆ ಊಟದಲ್ಲಿ ಅಷ್ಟು ಅನ್ನ ಕಡಿಮೆ.

ಸಂಪಿಗೆಮರ | 15 ಆಗಸ್ಟ್

ಎಲ್ಲರಿಗೂ ತುಂಬಾ ಧನ್ಯವಾದ. ಮೂರ್ತಿ ಕೂತಿದೆ, ಒಳಗೆ ತೋಡಿದ್ದೂ ಆಯಿತು. ಈಗ ಕುತ್ತಿಗೆಯ ಹಿಂದೆ ಕೂದಲೆಳೆಯಷ್ಟು ಬಿರುಕು, ಬಲಗಡೆ ಹೊಟ್ಟೆಯ ಮೇಲೆ ಉಗುರು ಹೋಗುವಷ್ಟು ಸೀಳು. ಬಿರುಕು ಬಿಟ್ಟ ಮೂರ್ತಿ ಪೂಜೆಗೆ ಬರುತ್ತದೆಯೇ? ಗಣಪನ ಹೊಟ್ಟೆಯಲ್ಲಿ ತುಳಸಿ ಬೀಜ ಇಟ್ಟರೆ ಆಮೇಲೆ ಕುಂಡದಲ್ಲಿ ಗಿಡ ಬರುತ್ತದಂತೆ, ಇಡಬಹುದೇ?

ತಿಗರಿ | 15 ಆಗಸ್ಟ್

ಒಂದೇ ಮಗ್ಗುಲಲ್ಲಿ ಸೀಳು ಅಂದರೆ ಆ ಕಡೆಗೆ ಫ್ಯಾನಿನದ್ದೋ ಕಿಟಕಿಯದ್ದೋ ಗಾಳಿ ಬಡಿಯುತ್ತಿದೆ. ಮೊದಲು ಜಾಗ ಬದಲಿಸಿ, ಬಲಗಡೆಗೆ ಮಾತ್ರ ಹಿಂಡಿದ ಒದ್ದೆ ಬಟ್ಟೆ ಅರ್ಧ ದಿನ ಹೊದಿಸಿ. ಸೀಳಿಗೆ ಬರೀ ಹಸಿ ಮಣ್ಣು ಮೆತ್ತಿದರೆ ಅದು ಒಣಗಿ ಕುಗ್ಗಿ ಪದರವಾಗಿ ಉದುರುತ್ತದೆ. ತೆಗೆದಿಟ್ಟ ಮಣ್ಣನ್ನು ಒಣಗಿಸಿ ಪುಡಿ ಮಾಡಿ, ಕೆಲವೇ ಹನಿ ನೀರು, ಹತ್ತಿಯ ಎಳೆ ಸೇರಿಸಿ ಗಟ್ಟಿ ಗಂಜಿ ಮಾಡಿ. ಸೀಳಿನೊಳಗೆ ಒದ್ದೆ ಕುಂಚ ಮೂರ್ನಾಲ್ಕು ಸಲ ಓಡಿಸಿ, ಗಂಜಿಯನ್ನು ಹಲ್ಲುಕಡ್ಡಿಯಲ್ಲಿ ಒತ್ತಿ ಒತ್ತಿ ತುಂಬಿ, ಸ್ವಲ್ಪ ಉಬ್ಬಿರುವಂತೆ ಬಿಡಿ. ನಾಳೆ ಸಮ ಮಾಡಿ. ಕುತ್ತಿಗೆಯದ್ದನ್ನು ಈಗ ಮುಟ್ಟಬೇಡಿ, ಪೂರ್ತಿ ಒಣಗಿದ ಮೇಲೆ ಅರಿಶಿನದ ಗಂಜಿಯಲ್ಲಿ ಮುಚ್ಚಿಹೋಗುತ್ತದೆ.

ಬೀಜ ಒಳಗೆ ಬೇಡ. ತುಳಸಿ ಬೀಜ ನೀರು ಕುಡಿದು ಲೋಳೆಯಾಗಿ ಉಬ್ಬುತ್ತದೆ, ಹಸಿ ಮಣ್ಣೊಳಗೆ ಉಬ್ಬಿ ಮತ್ತೊಂದು ಸೀಳು ತರುತ್ತದೆ. ಇಲ್ಲವೇ ಮೊಳೆತು ಒಣಗುವಾಗ ಸಾಯುತ್ತದೆ. ವಿಸರ್ಜನೆಯ ಮಣ್ಣು ಕುಂಡಕ್ಕೆ ಹಾಕಿದ ಮೇಲೆ ಬಿತ್ತಿ.

ಪಂಚಪಾತ್ರೆ | 15 ಆಗಸ್ಟ್

ಭಿನ್ನವೆಂಬ ದೋಷ ಪ್ರತಿಷ್ಠೆಯಾದ ಮೂರ್ತಿಗೆ. ಆವಾಹನೆಗೆ ಮುಂಚೆ ಅದಿನ್ನೂ ಮಣ್ಣು, ಎಷ್ಟು ಸಲ ಬೇಕಾದರೂ ತಿದ್ದಬಹುದು. ನಿಶ್ಚಿಂತೆಯಿಂದ ಮಾಡಿ.

ಹೊಳೆದಂಡೆ | 19 ಆಗಸ್ಟ್

2020ರ ಹಬ್ಬಕ್ಕೆ ಕರ್ನಾಟಕ ಸರ್ಕಾರದ ಪರಿಷ್ಕೃತ ಕೋವಿಡ್ ನಿಯಮ ನಿನ್ನೆ ಬಂದಿದೆ. ಮನೆಯ ಮೂರ್ತಿ ಎರಡಡಿ ಮೀರಬಾರದು, ಸಾರ್ವಜನಿಕ ಮೂರ್ತಿ ನಾಲ್ಕಡಿ, ವಾರ್ಡಿಗೆ ಅಥವಾ ಹಳ್ಳಿಗೆ ಒಂದೇ, ಒಂದು ಸಲಕ್ಕೆ ಇಪ್ಪತ್ತು ಜನಕ್ಕಿಂತ ಹೆಚ್ಚಿಲ್ಲ. ತರುವಾಗಲೂ ಬಿಡುವಾಗಲೂ ಮೆರವಣಿಗೆ ಇಲ್ಲ. ಮನೆಯ ಮೂರ್ತಿಯನ್ನು ಮನೆಯಲ್ಲೇ ವಿಸರ್ಜಿಸಬೇಕು. ಅಪಾರ್ಟ್‌ಮೆಂಟಿನವರು ಕೆಳಗೆ ಒಂದು ತೊಟ್ಟಿ ಇಟ್ಟು ಎಲ್ಲರೂ ಸೇರುವ ಯೋಚನೆ ಮಾಡುತ್ತಿದ್ದರೆ ಅದು ಬೇಡ, ಲಿಫ್ಟಿನಲ್ಲೇ ಗುಂಪು ಕೂಡುತ್ತದೆ.

ಸಿದ್ಧ ಮೂರ್ತಿ ತಂದವರು ಅಡಿಯ ಬಣ್ಣವಿಲ್ಲದ ಜಾಗಕ್ಕೆ ಒದ್ದೆ ಬೆರಳಿನಿಂದ ಅರ್ಧ ನಿಮಿಷ ಉಜ್ಜಿ ನೋಡಿ. ಬೆರಳಿಗೆ ರಾಡಿ ಹತ್ತಿದರೆ ಸುಡದ ಮಣ್ಣು. ಹತ್ತದಿದ್ದರೆ ಸುಟ್ಟ ಮಣ್ಣು ಅಥವಾ ಪ್ಲಾಸ್ಟರ್ ಆಫ್ ಪ್ಯಾರಿಸ್, ಎರಡೂ ಬಕೆಟ್‌ನಲ್ಲಿ ಕರಗುವುದಿಲ್ಲ. ಗಟ್ಟಿಯಾದ ಪ್ಲಾಸ್ಟರ್ ಎಂದರೆ ಜಿಪ್ಸಂ, ಒಂದು ಲೀಟರ್ ನೀರಿಗೆ ಎರಡು ಗ್ರಾಂ ಚಿಲ್ಲರೆ ಮಾತ್ರ ಕರಗುತ್ತದೆ. ಎರಡು ಕೆ.ಜಿ. ಮೂರ್ತಿ ಪೂರ್ತಿ ಕರಗಲು ಸಾವಿರ ಲೀಟರಿನ ಹತ್ತಿರ ನೀರು ಬೇಕು.

ಆರು ಇಂಚಿನ ಮಣ್ಣಿನ ಮೂರ್ತಿಗೆ ಇಪ್ಪತ್ತು ಲೀಟರಿನ ಅಗಲ ಬಾಯಿಯ ಟಬ್ ಸಾಕು, ನೀರು ಕಿರೀಟದ ಮೇಲೆ ಎರಡು ಬೆರಳು ನಿಲ್ಲಬೇಕು. ಉತ್ತರಪೂಜೆ ಮಾಡಿ, ಮೊಸರನ್ನ ನೈವೇದ್ಯವಾಗಿ, ‘ಪುನರಾಗಮನಾಯ ಚ’ ಎಂದು ಹೇಳಿ ಮೂರ್ತಿಯನ್ನು ಈಶಾನ್ಯಕ್ಕೆ ತುಸು ಕದಲಿಸಿದ ಮೇಲೆ ಹೂವು, ಪತ್ರೆ, ಗೆಜ್ಜೆವಸ್ತ್ರ, ಜನಿವಾರ, ಒಡವೆ ಎಲ್ಲ ತೆಗೆಯಿರಿ. ಪೀಠದ ಅಡಿಗೆ ಎರಡೂ ಅಂಗೈ ಕೊಟ್ಟು ಎತ್ತಿ. ಕಿವಿ, ಕಿರೀಟ ಹಿಡಿದರೆ ಅದೇ ಕೈಗೆ ಬರುತ್ತದೆ. ಮೂರು ಸಲ ಮುಳುಗಿಸಿ ಎತ್ತಿ, ನಾಲ್ಕನೇ ಸಲ ತಳ ಮುಟ್ಟಿಸಿ ಬಿಡಿ.

ಕರಗದೆ ಕೂರುವುದಕ್ಕೆ ಸಾಮಾನ್ಯ ಕಾರಣ ವಿಚಿತ್ರವೆನಿಸಬಹುದು: ಮೂರ್ತಿ ಒಳಗೆ ಇನ್ನೂ ಹಸಿಯಾಗಿರುವುದು. ಗರಿಗರಿ ಒಣಗಿದ ಮಣ್ಣಿನ ಸಂದುಗಳಿಗೆ ನೀರು ನುಗ್ಗುತ್ತದೆ, ಒಳಗಿನ ಗಾಳಿ ಗುಳುಗುಳು ಎಂದು ಹೊರಬರುತ್ತದೆ, ಕಣ್ಣೆದುರೇ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಹಸಿ ಮಣ್ಣಿನ ಸಂದುಗಳಲ್ಲಿ ಮೊದಲೇ ನೀರು ತುಂಬಿರುವುದರಿಂದ ಹೊಸ ನೀರು ಒಳಗೆ ಹೋಗದು, ಎರಡು ದಿನವಾದರೂ ಮುದ್ದೆಯಾಗೇ ಇರುತ್ತದೆ. ಇನ್ನೊಂದು ಕಾರಣ ಎಣ್ಣೆ ಬಣ್ಣ ಅಥವಾ ವಾರ್ನಿಷ್. ಹಾಗಾದರೆ ಪೀಠದ ಅಡಿ ನೀರಿಗೆ ತೆರೆದುಕೊಳ್ಳುವಂತೆ ಮಗ್ಗುಲಾಗಿ ಮಲಗಿಸಿ ರಾತ್ರಿ ಕಳೆಯಲು ಬಿಡಿ, ಒಡೆಯುವ ಅಗತ್ಯ ಬೀಳುವುದಿಲ್ಲ.

ಮಾರನೇ ದಿನ ಮೇಲಿನ ತಿಳಿನೀರನ್ನು ಗಿಡಕ್ಕೆ ಹಾಕಿ. ಬಚ್ಚಲಿಗೆ ಮಣ್ಣುನೀರು ಸುರಿಯಬೇಡಿ, ಪೈಪಿನ ತಿರುವಿನಲ್ಲಿ ಜೇಡಿ ಕೂತು ಗಟ್ಟಿಯಾದರೆ ಕೆಳಗಿನ ಮನೆಯವರಿಗೂ ತೊಂದರೆ. ತಳದ ಕೆಸರನ್ನು ಹಾಗೇ ಕುಂಡಕ್ಕೆ ಸುರಿದರೆ ಹೆಂಟೆಗಟ್ಟಿ ನೀರು ಇಂಗದೆ ಬೇರು ಕೊಳೆಯುತ್ತದೆ. ಒಂದು ಪಾಲಿಗೆ ನಾಲ್ಕು ಪಾಲು ಗೊಬ್ಬರ ಮಣ್ಣು ಬೆರೆಸಿ. ಇಲ್ಲವೇ ಒಣಗಿಸಿ ಡಬ್ಬಿಯಲ್ಲಿಡಿ, ಬರುವ ವರ್ಷದ ಗಣಪನಿಗೆ ಅದೇ ಮಣ್ಣು ಆಗುತ್ತದೆ.

ಸಂಪಿಗೆಮರ | 20 ಆಗಸ್ಟ್

ಕೊನೆಯದೊಂದು. ನಾಳೆ ನಾಡಿದ್ದರಲ್ಲಿ ಮನೆಯಲ್ಲಿ ಯಾರಿಗಾದರೂ ಜ್ವರ ಕಂಡರೆ ಪೂಜೆ ಏನು ಮಾಡುವುದು?

ಹಣತೆ | 20 ಆಗಸ್ಟ್

ಜ್ವರ ಬಂದವರನ್ನು ಆ ಕ್ಷಣವೇ ಬೇರೆ ಕೋಣೆಗೆ ಕಳಿಸಿ, ಸಾಧ್ಯವಿದ್ದರೆ ಬೇರೆ ಬಚ್ಚಲು. ಪರೀಕ್ಷೆಗೆ ವ್ಯವಸ್ಥೆ ಮಾಡಿ, ಹಬ್ಬ ಮುಗಿಯಲಿ ಅಂತ ಒಂದು ದಿನವೂ ಕಾಯಬೇಡಿ. ಮಾತ್ರೆ ನುಂಗಿ ಜ್ವರ ಇಳಿಸಿಕೊಂಡು ಪೂಜೆಗೆ ಕೂರುವುದಂತೂ ಖಂಡಿತ ಕೂಡದು. 74ರವರು ಆ ಕೋಣೆಯ ಕಡೆ ಹೋಗಬಾರದು, ಊಟ ಕೊಡುವವರು ಒಬ್ಬರೇ ಇರಲಿ. ಬಾಗಿಲ ಹೊರಗೆ ಸ್ಟೂಲಿನ ಮೇಲಿಟ್ಟು ಹಿಂದೆ ಸರಿಯಲಿ, ಮಾಸ್ಕ್ ತೆಗೆಯದೆ. ಉಸಿರು ಕಟ್ಟಿದಂತಾದರೆ, ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ ಆಸ್ಪತ್ರೆಗೆ ಹೊರಡಿ.

ಉಳಿದವರಲ್ಲಿ ಒಬ್ಬರು ಸ್ನಾನ ಮಾಡಿ ಮೂರ್ತಿ ಕೂರಿಸಿ, ದೀಪ ಹಚ್ಚಿ, ಗರಿಕೆ ಏರಿಸಿ, ಬೆಲ್ಲದ ಚೂರು ನೈವೇದ್ಯ ಮಾಡಿ ಅವತ್ತೇ ಸಂಜೆ ಬಿಟ್ಟರೆ ಸಾಕು. ಕೋಣೆಯಲ್ಲಿರುವವರು ಫೋನಿನಲ್ಲಿ ಆರತಿ ನೋಡಲಿ.

ಪಂಚಪಾತ್ರೆ | 20 ಆಗಸ್ಟ್

ಅದೂ ಆಗದ ಪರಿಸ್ಥಿತಿ ಬಂದರೆ ಮೂರ್ತಿಯನ್ನು ಬಟ್ಟೆ ಮುಚ್ಚಿ ಎತ್ತಿಡಿ. ಚೌತಿಯಂದು ಆಗದಿದ್ದರೆ ಅನಂತನ ಚತುರ್ದಶಿಯೊಳಗೆ ಕೂರಿಸುವ ಪದ್ಧತಿ ಕೆಲವು ಮನೆಗಳಲ್ಲಿದೆ. ಈ ವರ್ಷ ಅದು ಸೆಪ್ಟೆಂಬರ್ 1. ನಿಮ್ಮ ಪುರೋಹಿತರನ್ನು ಒಂದು ಮಾತು ಕೇಳಿಟ್ಟುಕೊಳ್ಳಿ. ಒಣಗಿದ ಮಣ್ಣು ಹತ್ತು ದಿನದಲ್ಲಿ ಏನೂ ಆಗುವುದಿಲ್ಲ, ಮಳೆಯ ಎರಚಲು ತಾಗದಂತೆ ನೋಡಿಕೊಳ್ಳಿ.